ಚಾಕುಗಳ ಸಂತೆಯಲ್ಲಿ ಉಕ್ಕಿನ ಪಾಠ



ನಿಮ್ಮ ಮನೆಯ ಅಡಿಗೆಕೋಣೆಯಲ್ಲಿ ಒಂದು ಚಾಕು ಇದ್ದೇ ಇರುತ್ತದೆ. ಹಳ್ಳಿಯ ಮನೆಯಾದರೆ ಈಳಿಗೆಮಣೆ, ಕುಡುಗೋಲು, ಮಚ್ಚು, ಕೊಡಲಿ ಎಲ್ಲವೂ ಇರುತ್ತವೆ. ಇವುಗಳಲ್ಲಿ ಒಂದು ಬೇಗನೆ ಮೊಂಡಾಗುತ್ತದೆ. ಇನ್ನೊಂದು ವರ್ಷಗಟ್ಟಲೆ ಹರಿತವಾಗಿಯೇ ಉಳಿಯುತ್ತದೆ. ಮತ್ತೊಂದು ಗಟ್ಟಿ ಮರಕ್ಕೆ ತಗುಲಿದ ಕೂಡಲೇ ಬಾಯಿ ಮುರಿದುಕೊಳ್ಳುತ್ತದೆ. ನೋಡಲು ಎಲ್ಲವೂ ಕಬ್ಬಿಣವೇ. ಆದರೂ ಇಷ್ಟೊಂದು ವ್ಯತ್ಯಾಸ ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದ ಸಾವಿರಾರು ಜನ ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಾರೆ. ಅಂಥದೊಂದು ಕೂಟಕ್ಕೆ ನಿಮ್ಮನ್ನು ಈ ಹೊತ್ತು ಮಾತಿನಲ್ಲೇ ಕರೆದುಕೊಂಡು ಹೋಗಬೇಕೆಂದಿದ್ದೇನೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಲ್ಲಿ ಜೂನ್ ತಿಂಗಳ ಆರಂಭದಲ್ಲಿ ‘ಬ್ಲೇಡ್ ಶೋ’ ಎಂಬ ಪ್ರದರ್ಶನ ನಡೆಯುತ್ತದೆ. ಇದು ಆರಂಭವಾದದ್ದು 1982ರಲ್ಲಿ. ಚಾಕು ತಯಾರಿಸುವವರ, ಕೊಳ್ಳುವವರ ಮತ್ತು ಕಲಿಯುವವರ ಅತಿ ದೊಡ್ಡ ಮೇಳಗಳಲ್ಲಿ ಇದು ಒಂದು. 2023ರ ಜೂನ್‌ನಲ್ಲಿ ಇದು ಕಾಬ್ ಗ್ಯಾಲರಿಯಾ ಸೆಂಟರ್ ಎಂಬ ವಿಶಾಲ ಸಭಾಂಗಣದಲ್ಲಿ ಮೂರು ದಿನ ನಡೆಯಿತು. ರಜೆಯಲ್ಲಿ ಬಂಧುಗಳ ಮನೆಗೆಂದು ಹೋಗಿದ್ದ ನಾನು ಆ ಮೂರು ದಿನವೂ ಅಲ್ಲಿದ್ದೆ. ಬಿ.ಎಸ್ಸಿ. ಓದಿ ಟೆಲಿವಿಷನ್ ಕೆಲಸಕ್ಕೆ ಸೇರಿದ ನನಗೆ ಹಳೆಯ ಅರಗಳನ್ನು ಉಜ್ಜಿ ಚಾಕು ಮಾಡುವ ಹವ್ಯಾಸ ಹಲವು ವರ್ಷಗಳಿಂದ ಇದೆ. ಅಲ್ಲಿ ನನ್ನ ಜೊತೆಗಿದ್ದ ನಾಲ್ವರೂ ಇದೇ ಗೀಳಿನವರು. ಒಬ್ಬರು ಹಾಸನ ಜಿಲ್ಲೆಯಿಂದ ಹೋಗಿ ಅಲ್ಲಿ ನೆಲೆಸಿರುವ ಸಾಫ್ಟ್‌ವೇರ್ ಎಂಜಿನಿಯರ್. ಇನ್ನೊಬ್ಬರು ಶಾಲಾ ಬಸ್ಸಿನ ಚಾಲಕ. ಮೂರನೆಯವರು ಆಸ್ಪತ್ರೆಯ ನರ್ಸ್. ನಾಲ್ಕನೆಯವರು ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ. ಶನಿವಾರ ಬಂತೆಂದರೆ ಈ ನಾಲ್ವರೂ ಚಾಲಕನ ಮನೆಯ ಗ್ಯಾರೇಜಿನಲ್ಲಿ ಸೇರಿ ಕುಲುಮೆ ಹೊತ್ತಿಸುತ್ತಾರೆ.

ಚಾಕುಗಳ ಪ್ರದರ್ಶನ ಎಂದರೆ ಹೊಡೆದಾಟದ ಆಯುಧಗಳ ಜಾತ್ರೆ ಇರಬೇಕೆಂದು ನೀವು ಊಹಿಸಬಹುದು. ಒಳಗೆ ಕಾಲಿಟ್ಟರೆ ಕಾಣುವುದು ಬೇರೆಯೇ ಲೋಕ. ಸಾಲುಸಾಲಾಗಿ ಮೇಜುಗಳು, ಪ್ರತಿ ಮೇಜಿನ ಮೇಲೆ ಮಖಮಲ್ಲಿನ ಬಟ್ಟೆ, ಅದರ ಮೇಲೆ ನಾಲ್ಕೋ ಹತ್ತೋ ಚಾಕುಗಳು, ಹಿಂದೆ ಕುರ್ಚಿಯಲ್ಲಿ ಅವುಗಳನ್ನು ತಯಾರಿಸಿದ ವ್ಯಕ್ತಿ. ತರಕಾರಿ ಹೆಚ್ಚುವ ಚಾಕು, ಮೀನು ಕೊಯ್ಯುವ ಚಾಕು, ಬೇಟೆಗಾರರ ಚಾಕು, ಜೇಬಿನಲ್ಲಿಡುವ ಮಡಿಸುವ ಚಾಕು, ಗೋಡೆಗೆ ತೂಗುಹಾಕಲೆಂದೇ ಮಾಡಿದ ಕಠಾರಿ. ಹಿಡಿಗಳಿಗೆ ಬಗೆಬಗೆಯ ಮರ, ಜಿಂಕೆಯ ಕೊಂಬು, ಮೂಳೆ. ಒಂದು ಮೂಲೆಯಲ್ಲಿ ಉಕ್ಕಿನ ಪಟ್ಟಿಗಳನ್ನು ಮಾರುವವರು. ಇನ್ನೊಂದು ಕಡೆ ಸಾಣೆಯ ಯಂತ್ರ, ಸುತ್ತಿಗೆ, ಇಕ್ಕಳಗಳನ್ನು ಮಾರುವವರು.

ಅಲ್ಲಿ ಕೆಲವು ಶಿಷ್ಟಾಚಾರಗಳಿವೆ. ಯಾವ ಚಾಕುವನ್ನೂ ಕೇಳದೆ ಮುಟ್ಟುವಂತಿಲ್ಲ. ಕೈಗೆ ಕೊಡುವಾಗ ಹಿಡಿಯನ್ನು ಮುಂದೆ ಮಾಡಿ ಕೊಡಬೇಕು. ಅಲಗಿನ ಮೇಲೆ ಬೆರಳು ತಾಗಿಸಬಾರದು, ಏಕೆಂದರೆ ಬೆವರಿನ ಉಪ್ಪು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಹರಿತ ನೋಡಲೆಂದು ಬಾಯಿಯ ಮೇಲೆ ಹೆಬ್ಬೆರಳು ಎಳೆಯುವುದಂತೂ ಅವಿವೇಕವೇ ಸರಿ. ಇದನ್ನೆಲ್ಲ ಯಾರೂ ಫಲಕದಲ್ಲಿ ಬರೆದಿರಲಿಲ್ಲ. ಹೊಸಬರಿಗೆ ಹಳಬರು ಮೆಲ್ಲನೆ ಹೇಳಿಕೊಡುತ್ತಿದ್ದರು.

ನನ್ನನ್ನು ಹೆಚ್ಚು ಸೆಳೆದದ್ದು ಅಲ್ಲಿನ ಮಾತುಕತೆ. ಒಂದು ಮೇಜಿನ ಮುಂದೆ ನಮ್ಮ ನರ್ಸ್ ನಿಂತು, “ಈ ಅಲಗನ್ನು ಯಾವ ಉಷ್ಣತೆಯಲ್ಲಿ ಹದ ಮಾಡಿದಿರಿ?” ಎಂದು ಕೇಳಿದರು. ಮಾರಾಟಕ್ಕೆ ಕುಳಿತಿದ್ದಾತ ತನ್ನ ಗುಟ್ಟನ್ನು ಮುಚ್ಚಿಡಲಿಲ್ಲ. ಚೀಟಿಯೊಂದನ್ನು ಎಳೆದುಕೊಂಡು ಉಕ್ಕಿನ ಹೆಸರು, ಕಾಯಿಸಿದ ಉಷ್ಣತೆ, ಹಿಡಿದ ಸಮಯ, ಅದ್ದಿದ ಎಣ್ಣೆ ಎಲ್ಲವನ್ನೂ ಬರೆದುಕೊಟ್ಟರು. ಮೊದಲು ತಾವು ಹೇಗೆ ಮಾಡಿದಾಗ ಅಲಗು ಸೊಟ್ಟಗಾಯಿತು ಎಂಬುದನ್ನೂ ಸೇರಿಸಿದರು. ನರ್ಸ್ ಅವರಿಂದ ಏನನ್ನೂ ಕೊಳ್ಳಲಿಲ್ಲ. ಅದರಿಂದ ಅವರಿಗೆ ಬೇಸರವೂ ಆಗಲಿಲ್ಲ.

ಆ ಚೀಟಿಯಲ್ಲಿದ್ದ ಅಂಕಿಗಳ ಅರ್ಥವೇನು? ಇಲ್ಲಿ ನಿಮ್ಮ ಪಠ್ಯಪುಸ್ತಕ ನೆರವಿಗೆ ಬರುತ್ತದೆ.

ಶುದ್ಧ ಕಬ್ಬಿಣ ಮೆದು. ಅದಕ್ಕೆ ಸ್ವಲ್ಪ ಇಂಗಾಲ ಬೆರೆತರೆ ಉಕ್ಕು. ಚಾಕುವಿಗೆ ಬಳಸುವ ಸಾಧಾರಣ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ನೂರಕ್ಕೆ ಅರ್ಧ ಭಾಗದಿಂದ ಒಂದು ಭಾಗ, ಕೆಲವೊಮ್ಮೆ ಇನ್ನೂ ತುಸು ಹೆಚ್ಚು. ಇಷ್ಟು ಅಲ್ಪ ಪ್ರಮಾಣದ ಇಂಗಾಲ ಅಷ್ಟು ದೊಡ್ಡ ಬದಲಾವಣೆ ತರುವುದು ಪರಮಾಣುಗಳ ಜೋಡಣೆಯಿಂದ. ಕೋಣೆಯ ಉಷ್ಣತೆಯಲ್ಲಿ ಕಬ್ಬಿಣದ ಪರಮಾಣುಗಳು ಒಂದು ಘನದ ಎಂಟು ಮೂಲೆಗಳಲ್ಲಿ ಮತ್ತು ಅದರ ನಟ್ಟನಡುವೆ ಕುಳಿತಿರುತ್ತವೆ. ಈ ಜೋಡಣೆಯಲ್ಲಿ ಇಂಗಾಲಕ್ಕೆ ಎಡೆ ಇಲ್ಲವೆಂದೇ ಹೇಳಬೇಕು. ಉಕ್ಕನ್ನು ಕೆಂಪಗೆ ಕಾಯಿಸುತ್ತ ಹೋದಂತೆ, 727 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಜೋಡಣೆ ಬದಲಾಗತೊಡಗುತ್ತದೆ. ಆಗ ಪರಮಾಣುಗಳು ಘನದ ಮೂಲೆಗಳಲ್ಲೂ ಆರು ಮುಖಗಳ ನಡುವೆಯೂ ನಿಲ್ಲುತ್ತವೆ. ಈ ಹೊಸ ಮನೆಯಲ್ಲಿ ಇಂಗಾಲದ ಪರಮಾಣುಗಳಿಗೆ ಕೂರಲು ಜಾಗ ಸಿಗುತ್ತದೆ. ಅವು ಕರಗಿ ಎಲ್ಲೆಡೆ ಹರಡಿಕೊಳ್ಳುತ್ತವೆ.

ಈಗ ಈ ಕೆಂಪು ಅಲಗನ್ನು ಮೆಲ್ಲನೆ ಆರಲು ಬಿಟ್ಟರೆ ಇಂಗಾಲ ಹೊರಬಂದು ಬೇರೆಯಾಗಿ ನಿಲ್ಲುತ್ತದೆ. ಉಕ್ಕು ಮೆದುವಾಗಿಯೇ ಉಳಿಯುತ್ತದೆ. ಹಾಗೆ ಬಿಡದೆ ಥಟ್ಟನೆ ಎಣ್ಣೆಗೆ ಅದ್ದಿದರೆ ಇಂಗಾಲಕ್ಕೆ ಹೊರಡಲು ಸಮಯವೇ ಸಿಗುವುದಿಲ್ಲ. ಹಳೆಯ ಜೋಡಣೆಗೆ ಮರಳಲು ಹೊರಟ ಕಬ್ಬಿಣದ ನಡುವೆ ಅದು ಸಿಕ್ಕಿಹಾಕಿಕೊಂಡು ಇಡೀ ಸ್ಫಟಿಕವನ್ನೇ ಎಳೆದು ಬಿಗಿಯುತ್ತದೆ. ಜರ್ಮನ್ ವಿಜ್ಞಾನಿ ಆಡಾಲ್ಫ್ ಮಾರ್ಟೆನ್ಸ್ ಅವರ ನೆನಪಿಗಾಗಿ ಈ ರಚನೆಗೆ ಮಾರ್ಟೆನ್ಸೈಟ್ ಎಂದು ಹೆಸರು. ಇದು ಬಹಳ ಗಡಸು. ಆದರೆ ಗಾಜಿನಂತೆ ಪೆಡಸು, ಕೆಳಗೆ ಬಿದ್ದರೆ ಒಡೆಯಬಹುದು. ಆದ್ದರಿಂದ ಅಲಗನ್ನು ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಕಾಯಿಸುತ್ತಾರೆ. ಬಿಗಿತ ಸ್ವಲ್ಪ ಸಡಿಲಗೊಂಡು ಗಡಸುತನದ ಜೊತೆಗೆ ತಾಳಿಕೆಯೂ ಬರುತ್ತದೆ. ಅನೇಕ ಹವ್ಯಾಸಿಗಳು ಇದಕ್ಕೆ ಬ್ರೆಡ್ ಸುಡುವಂಥ ಮಾಮೂಲಿ ಓವನ್ ಬಳಸುತ್ತಾರೆ.

ಉಷ್ಣತಾಮಾಪಕ ಇಲ್ಲದವರು ಏನು ಮಾಡಬೇಕು? ಕಬ್ಬಿಣ ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತಕ್ಕೆ ಅಂಟುವ ಗುಣವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಕುಲುಮೆಯ ಪಕ್ಕದಲ್ಲಿ ಒಂದು ಅಯಸ್ಕಾಂತ ತೂಗುಬಿಟ್ಟು, ಕೆಂಪು ಅಲಗನ್ನು ಆಗಾಗ ಅದಕ್ಕೆ ತಾಗಿಸಿ ನೋಡುತ್ತಾರೆ. ಅಂಟುವುದು ನಿಂತ ಮೇಲೆ ಇನ್ನು ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದುತ್ತಾರೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ನೀವು ಬರೆಯುವ ಉತ್ತರ ಒಂದು ಗ್ಯಾರೇಜಿನಲ್ಲಿ ಹೀಗೆ ಕೆಲಸಕ್ಕೆ ಬರುತ್ತದೆ. ನಮ್ಮ ಕಮ್ಮಾರರಿಗೆ ಈ ಅಂಕಿ ಗೊತ್ತಿರಲಿಕ್ಕಿಲ್ಲ. ಅವರು ಬಣ್ಣ ನೋಡಿ ಹದ ಹೇಳುತ್ತಾರೆ. ಕುಲುಮೆಯ ಜಾಗವನ್ನು ಕತ್ತಲಾಗಿ ಇಟ್ಟುಕೊಳ್ಳುವುದು ಆ ಬಣ್ಣ ಸರಿಯಾಗಿ ಕಾಣಲೆಂದೇ.

ಇನ್ನು ಈ ಮೇಳದ ಬಹುಮುಖ್ಯ ಸಂಗತಿಗೆ ಬರೋಣ. ಅದೊಂದು ಪರೀಕ್ಷೆ.

ಕಾದ ಉಕ್ಕನ್ನು ಬಡಿದು ಅಲಗು ಮಾಡುವ ಕಲೆ ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಬಹುಮಟ್ಟಿಗೆ ಮರೆಯಾಗಿತ್ತು. ಮೇರಿಲ್ಯಾಂಡ್ ರಾಜ್ಯದ ವಿಲಿಯಂ ಮೊರನ್ ಎಂಬವರು ಅದನ್ನು ಬಿಡದೆ ಹಿಡಿದಿದ್ದರು. ಬೇರೆ ಬೇರೆ ಉಕ್ಕಿನ ಪದರಗಳನ್ನು ಕಾಯಿಸಿ, ಬಡಿದು, ಬೆಸೆದು, ಮಡಿಸಿ, ಮೇಲ್ಮೈಯಲ್ಲಿ ನೀರಿನ ಅಲೆಯಂಥ ಚಿತ್ತಾರ ಮೂಡಿಸಿದ ಚಾಕುಗಳನ್ನು ಅವರು 1973ರಲ್ಲಿ ಪ್ರದರ್ಶಿಸಿದರು. 1976ರಲ್ಲಿ ಅವರ ಮುಂದಾಳುತನದಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಸ್ಥಾಪನೆಯಾಯಿತು. ಕಲಿಯುವವರಿಗೆ ಹಂತಗಳನ್ನೂ ಪರೀಕ್ಷೆಗಳನ್ನೂ ಗೊತ್ತುಪಡಿಸಿದ ಸಂಸ್ಥೆ ಇದು.

ಅದರ ಮೊದಲ ಪರೀಕ್ಷೆ ಹೀಗಿದೆ. ಅಭ್ಯರ್ಥಿ ತಾನೇ ಬಡಿದು ಮಾಡಿದ ಒಂದು ಚಾಕುವನ್ನು ಒಬ್ಬ ನುರಿತ ಗುರುವಿನ ಎದುರಿಗೆ ತರಬೇಕು. ಅಲಗಿನ ಉದ್ದ ಹತ್ತು ಇಂಚು, ಅಗಲ ಎರಡು ಇಂಚು ಮೀರುವಂತಿಲ್ಲ. ಮೊದಲು, ತೂಗುಬಿಟ್ಟ ಒಂದು ಇಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು. ಹಗ್ಗದ ಕೆಳತುದಿ ಗಾಳಿಯಲ್ಲಿ ಸಡಿಲವಾಗಿರುವುದರಿಂದ ಬಾಯಿ ಮೊಂಡಾಗಿದ್ದರೆ ಹಗ್ಗ ಪಕ್ಕಕ್ಕೆ ಓಲುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಎರಡನೆಯದಾಗಿ, ಮನೆ ಕಟ್ಟಲು ಬಳಸುವ ಎರಡು–ನಾಲ್ಕು ಇಂಚು ಅಳತೆಯ ಮರವನ್ನು ಅದೇ ಚಾಕುವಿನಿಂದ ಎರಡು ಬಾರಿ ಪೂರ್ತಿ ಕಡಿದು ತುಂಡುಮಾಡಬೇಕು. ಮೂರನೆಯದಾಗಿ, ಮರ ಕಡಿದ ಆ ಬಾಯಿಯಿಂದಲೇ, ಮತ್ತೆ ಮಸೆಯದೆ, ತೋಳಿನ ರೋಮವನ್ನು ಬೋಳಿಸಿ ತೋರಿಸಬೇಕು. ಕೊನೆಯದಾಗಿ, ಅಲಗಿನ ತುದಿಯನ್ನು ವೈಸ್‌ನಲ್ಲಿ ಬಿಗಿದು ತೊಂಬತ್ತು ಡಿಗ್ರಿ ಬಗ್ಗಿಸಬೇಕು. ಅಲಗು ಎರಡು ತುಂಡಾದರೆ ಅಭ್ಯರ್ಥಿ ಅನುತ್ತೀರ್ಣ.

ಇದರಲ್ಲಿರುವ ತೊಡಕನ್ನು ಗಮನಿಸಿ. ರೋಮ ಬೋಳಿಸಲು ಅಲಗು ಗಡಸಾಗಿರಬೇಕು. ಬಗ್ಗಿಯೂ ಮುರಿಯದಿರಲು ಅದು ಮೆದುವಾಗಿರಬೇಕು. ಒಂದೇ ಉಕ್ಕಿನ ತುಂಡಿನಲ್ಲಿ ಈ ಎರಡನ್ನೂ ತರುವುದು ಹೇಗೆ? ಬಾಯಿಯನ್ನು ಮಾತ್ರ ಗಡಸು ಮಾಡಿ, ಬೆನ್ನನ್ನು ಬೇರೆಯಾಗಿ ಕಾಯಿಸಿ ಮೆದುವಾಗಿ ಇಡುತ್ತಾರೆ. ಇದು ತಿಳಿದಿದ್ದರೆ ಸಾಲದು, ಕೈಗೆ ಬರಬೇಕು. ಇನ್ನೊಂದು ಮಾತು: ಪರೀಕ್ಷೆ ಮುಗಿಯುವ ಹೊತ್ತಿಗೆ ದಿನಗಟ್ಟಲೆ ದುಡಿದು ಮಾಡಿದ ಆ ಚಾಕು ಯಾವ ಕೆಲಸಕ್ಕೂ ಬಾರದಂತೆ ಬಗ್ಗಿಹೋಗಿರುತ್ತದೆ.

ಇದರಲ್ಲಿ ಗೆದ್ದವರು ಮುಂದೆ ಐದು ಚಾಕುಗಳನ್ನು ತಂದು ತೀರ್ಪುಗಾರರ ಮುಂದಿಡಬೇಕು. ಅಟ್ಲಾಂಟಾದ ಮೇಳದಲ್ಲಿ ಈ ತೀರ್ಪು ನಡೆಯುತ್ತದೆ. ನಮ್ಮ ಜೊತೆಗಿದ್ದ ಬಸ್ ಚಾಲಕ ಆ ಸಲ ಐದು ಚಾಕುಗಳನ್ನು ಹಳೆಯ ಟವಲಿನಲ್ಲಿ ಸುತ್ತಿ ತಂದಿದ್ದರು. ವರ್ಷಗಳ ಶನಿವಾರಗಳೆಲ್ಲ ಆ ಗಂಟಿನಲ್ಲಿದ್ದವು ಎನ್ನಬಹುದು. ತೀರ್ಪು ಬರುವ ತನಕ ಅವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಕಾಫಿ ತಂದುಕೊಟ್ಟರೂ ಕುಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಆಗಲಿಲ್ಲ.

ಕಾರಣ ಏನಿರಬಹುದು? ಒಬ್ಬ ಹಿರಿಯ ತಯಾರಕರು ಅವರನ್ನು ಪಕ್ಕಕ್ಕೆ ಕರೆದು ಒಂದು ಚಾಕುವನ್ನು ದೀಪಕ್ಕೆ ಎತ್ತಿಹಿಡಿದು ತೋರಿಸಿದರು. ಅಲಗಿಗೂ ಹಿಡಿಗೂ ನಡುವೆ ಕೂರಿಸಿದ ಹಿತ್ತಾಳೆಯ ತಡೆಯ ಅಂಚಿನಲ್ಲಿ ಕೂದಲಿನಷ್ಟು ಸಂದು ಇತ್ತು. ಅದರೊಳಗಿಂದ ಬೆಳಕು ಕಾಣುತ್ತಿತ್ತು. ಬೆಳಕು ನುಸುಳುವ ಸಂದಿನಲ್ಲಿ ನೀರೂ ನುಸುಳುತ್ತದೆ, ನೀರು ನುಸುಳಿದರೆ ಒಳಗೆ ಕಾಣದ ಕಡೆ ತುಕ್ಕು ಹಿಡಿಯುತ್ತದೆ ಎಂದು ಅವರು ವಿವರಿಸಿದರು. ಆ ಸಂದು ಬರದಂತೆ ಅರದಿಂದ ಹೇಗೆ ಉಜ್ಜಬೇಕೆಂದು ಅರ್ಧ ಗಂಟೆ ನಿಂತು ತಿಳಿಸಿದರು. ನಮ್ಮ ಸ್ನೇಹಿತರು ಸಂಜೆಯವರೆಗೂ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಮಾರನೆಯ ದಿನ ಬೆಳಗ್ಗೆ ನೋಡಿದರೆ ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಾರೆ, ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: “ನೀವು ಈ ತಡೆಯನ್ನು ಹೇಗೆ ಕೂರಿಸುತ್ತೀರಿ?” ಭಾನುವಾರದ ಹೊತ್ತಿಗೆ ಆ ಪ್ರಶ್ನೆಗೆ ಹನ್ನೊಂದು ಉತ್ತರಗಳು ಆ ಪುಸ್ತಕದಲ್ಲಿದ್ದವು. ಫಲಿತಾಂಶದ ದಿನ ಮುಖ ಮರೆಸಿಕೊಳ್ಳುವ ನಮ್ಮ ಮಕ್ಕಳಿಗೆ ಆ ನೋಟ್‌ಬುಕ್ಕನ್ನು ತೋರಿಸಬೇಕೆಂದು ನನಗೆ ಅನ್ನಿಸಿತು.

ಆ ಶನಿವಾರವೇ ನಮಗೆ ಇನ್ನೊಂದು ಅನುಭವವಾಯಿತು. ಒಂದು ಮೇಜಿನ ಮೇಲಿದ್ದ ಚಾಕುವಿನ ಅಲಗಿನಲ್ಲಿ ಬೂದು ಬಣ್ಣದ, ನೀರು ಹರಿದಂಥ ಸಣ್ಣ ಚಿತ್ತಾರವಿತ್ತು. ಪದರ ಬೆಸೆದು ಮಾಡಿದ ಚಿತ್ತಾರಕ್ಕಿಂತ ಇದು ಬೇರೆ. ಪಕ್ಕದ ಚೀಟಿಯಲ್ಲಿ ‘ವೂಟ್ಸ್’ ಎಂದು ಬರೆದಿತ್ತು. ನಾವಿಬ್ಬರು ಕರ್ನಾಟಕದವರೆಂದು ತಿಳಿದೊಡನೆ ಆ ತಯಾರಕರು ಎದ್ದು ನಿಂತು, “ಇದರ ನಿಜವಾದ ಉಚ್ಚಾರಣೆ ನಿಮ್ಮ ಭಾಷೆಯಲ್ಲಿ ಹೇಗೆ?” ಎಂದು ಕೇಳಿದರು. ನನ್ನ ಹಾಸನದ ಸ್ನೇಹಿತರು “ಉಕ್ಕು” ಎಂದರು. ಆತ ಎರಡು ಮೂರು ಸಲ ಹೇಳಿಕೊಂಡು, ಪೆನ್ನು ಕೊಟ್ಟು ಕನ್ನಡದಲ್ಲಿ ಬರೆಯಲು ಹೇಳಿದರು. ಆ ಚೀಟಿ ಅವರ ಮೇಜಿನ ಮೇಲೆ ಕೊನೆಯವರೆಗೂ ಇತ್ತು.

ವೂಟ್ಸ್ ಎಂಬ ಪದ ಕನ್ನಡದ ‘ಉಕ್ಕು’ ಎಂಬುದರಿಂದಲೇ ಬಂದಿರಬೇಕೆಂಬುದು ವಿದ್ವಾಂಸರಲ್ಲಿ ಬಹುಕಾಲದಿಂದ ಇರುವ ಅಭಿಪ್ರಾಯ. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ–ಇಂಡಿಯನ್ ಪದಕೋಶವು ‘ವೂಕ್’ ಎಂದು ಬರೆದದ್ದು ಕೈತಪ್ಪಿ ‘ವೂಟ್ಸ್’ ಆಗಿರಬಹುದೆಂದು ಊಹಿಸುತ್ತದೆ. ಈ ಉಕ್ಕನ್ನು ಕರ್ನಾಟಕ, ತೆಲಂಗಾಣ, ತಮಿಳುನಾಡು ಮತ್ತು ಶ್ರೀಲಂಕಾಗಳಲ್ಲಿ ಮಾಡುತ್ತಿದ್ದರು. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಅದಕ್ಕೆ ಬಳಸಿದ ಮೂಸೆಗಳ ಚೂರುಗಳು ದೊರೆತಿವೆ. ಕೆಲಸದ ಕ್ರಮ ಹೀಗಿತ್ತು: ಭತ್ತದ ಹೊಟ್ಟು ಬೆರೆಸಿದ ಜೇಡಿಮಣ್ಣಿನಿಂದ ಮೂಸೆ ಮಾಡಿ, ಅದರಲ್ಲಿ ಕಬ್ಬಿಣದ ತುಂಡನ್ನೂ ಆವರಿಕೆಯಂಥ ಗಿಡದ ಕಟ್ಟಿಗೆಯನ್ನೂ ಹಸಿರೆಲೆಯನ್ನೂ ಹಾಕಿ, ಬಾಯಿ ಮುಚ್ಚಿ, ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸುವುದು. ಕಟ್ಟಿಗೆ ಇದ್ದಲಾಗಿ ಅದರ ಇಂಗಾಲ ಕಬ್ಬಿಣವನ್ನು ಸೇರುತ್ತದೆ. ಇಂಗಾಲ ಸೇರಿದಂತೆ ಕಬ್ಬಿಣ ಕರಗುವ ಉಷ್ಣತೆ ತಗ್ಗುತ್ತದೆ. ಕೊನೆಗೆ ಮೂಸೆಯ ತಳದಲ್ಲಿ, ನೂರಕ್ಕೆ ಸುಮಾರು ಒಂದೂವರೆ ಭಾಗ ಇಂಗಾಲವಿರುವ ಉಕ್ಕಿನ ಗಟ್ಟಿ ದೊರೆಯುತ್ತದೆ. ಇಂಥ ಗಟ್ಟಿಗಳು ದಖ್ಖನ್ನಿನಿಂದ ಪರ್ಷಿಯಾದವರೆಗೂ ಹೋಗುತ್ತಿದ್ದವು. ಹೆಸರಾಂತ ಡಮಾಸ್ಕಸ್ ಕತ್ತಿಗಳ ಮೂಲದ್ರವ್ಯ ಈ ಬಗೆಯ ಉಕ್ಕೇ.

1794ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯರು ಇದರ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕಳಿಸಿದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಮಂಡಿಸಿದರು. ಬಳಿಕ ಇದೇ ಉಕ್ಕಿನ ಬೆನ್ನುಹತ್ತಿದವರು ಮೈಕೇಲ್ ಫ್ಯಾರಡೆ. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಫ್ಯಾರಡೆಯೇ ಇವರು. ಅವರ ತಂದೆ ಕಮ್ಮಾರರು. ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕರ ಜೊತೆಗೂಡಿ ಫ್ಯಾರಡೆ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ಪರೀಕ್ಷಿಸಿದರು; 1820ರಲ್ಲಿ ಇಬ್ಬರೂ ಸೇರಿ ಪ್ರಬಂಧ ಪ್ರಕಟಿಸಿದರು. ನಮ್ಮ ಉಕ್ಕಿನ ಗುಟ್ಟು ಅವರಿಗೆ ಪೂರ್ತಿ ಬಿಡಿಸಲಾಗಲಿಲ್ಲ. ಆದರೆ ಮಿಶ್ರ ಉಕ್ಕುಗಳ ಅಧ್ಯಯನಕ್ಕೆ ಅದು ನಾಂದಿಯಾಯಿತು.

ಅತ್ತ ಲಂಡನ್ನಿನಲ್ಲಿ ಅಧ್ಯಯನ ನಡೆಯುತ್ತಿದ್ದಾಗ ಇತ್ತ ನಮ್ಮ ಮೂಸೆಗಳು ಒಂದೊಂದಾಗಿ ತಣ್ಣಗಾದವು. ಹೊರಗಿನಿಂದ ಬಂದ ಕಾರ್ಖಾನೆಯ ಉಕ್ಕು ಅಗ್ಗವಾಗಿತ್ತು. ಕಾಡಿನ ಮೇಲಿನ ಕಟ್ಟುಪಾಡುಗಳಿಂದ ಇದ್ದಲು ದುರ್ಲಭವಾಯಿತು. ರಾಜರ ಸೈನ್ಯಗಳ ಬೇಡಿಕೆ ನಿಂತಿತು. ಅದುವರೆಗೆ ವಿದ್ಯೆ ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ, ಕೈಕೆಲಸದಲ್ಲಿ ಹರಿದುಬಂದಿತ್ತು. ಮಗ ಬೇರೆ ಕೆಲಸ ಹಿಡಿದ ದಿನ ಅದು ನಿಂತಿತು. ಫ್ರಾನ್ಸಿಸ್ ಬುಕಾನನ್ ಎಂಬ ಅಧಿಕಾರಿ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಇಲ್ಲಿನ ಉಕ್ಕಿನ ಕೆಲಸವನ್ನು ಕಂಡು ಬರೆದಿಟ್ಟರು. ಅಂಥ ಪ್ರವಾಸಿಗರ ಬರಹಗಳನ್ನೂ ಮಣ್ಣಿನಲ್ಲಿ ಸಿಕ್ಕ ಮೂಸೆಯ ಚೂರುಗಳನ್ನೂ ಹಿಡಿದು ನಾವು ಇಂದು ಆ ವಿದ್ಯೆಯನ್ನು ಹುಡುಕಬೇಕಾಗಿದೆ.

ಗುಟ್ಟನ್ನು ಬಹುಪಾಲು ಬಿಡಿಸಿದ್ದು ಒಬ್ಬ ಕಮ್ಮಾರ ಮತ್ತು ಒಬ್ಬ ಪ್ರಾಧ್ಯಾಪಕ ಜೊತೆಗೂಡಿ. ಫ್ಲಾರಿಡಾದ ಆಲ್ಫ್ರೆಡ್ ಪೆಂಡ್ರೆ ಕುದುರೆಗೆ ಲಾಳ ಕಟ್ಟುವವರು, ಚಾಕು ಬಡಿಯುವವರು. ಜಾನ್ ವರ್ಹೂವನ್ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞರು. ಪೆಂಡ್ರೆ ಉಕ್ಕು ಕರಗಿಸಿ ಬಡಿದುಕೊಡುವುದು, ವರ್ಹೂವನ್ ಅದನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಇಬ್ಬರೂ ಕುಳಿತು ಚರ್ಚಿಸುವುದು. ಹೀಗೆ ವರ್ಷಗಳು ಕಳೆದವು. ಕೆಲವು ಗಟ್ಟಿಗಳಲ್ಲಿ ಚಿತ್ತಾರ ಮೂಡುತ್ತಿತ್ತು, ಕೆಲವುಗಳಲ್ಲಿ ಮೂಡುತ್ತಿರಲಿಲ್ಲ. ಹಳೆಯ ಕತ್ತಿಗಳ ಚೂರುಗಳನ್ನೂ ಪರೀಕ್ಷಿಸಿದ ಮೇಲೆ 1998ರಲ್ಲಿ ಅವರು ಪ್ರಕಟಿಸಿದ ಉತ್ತರ ಇದು: ಕಬ್ಬಿಣದಲ್ಲಿ ಕಲ್ಮಷವಾಗಿ ಬೆರೆತ ವೆನೇಡಿಯಂನಂಥ ಧಾತುಗಳು ಲಕ್ಷಕ್ಕೆ ಕೆಲವೇ ಭಾಗದಷ್ಟಿದ್ದರೂ, ಮತ್ತೆ ಮತ್ತೆ ಕಾಯಿಸಿ ಬಡಿದಾಗ, ಗಡಸು ಕಾರ್ಬೈಡ್ ಕಣಗಳು ಸಾಲುಗಟ್ಟುವಂತೆ ಮಾಡುತ್ತವೆ. ಆ ಸಾಲುಗಳೇ ಅಲಗಿನ ಮೇಲಿನ ಚಿತ್ತಾರ. ಅಂಥ ಕಲ್ಮಷವುಳ್ಳ ಅದಿರು ಸಿಗುವುದು ನಿಂತದ್ದೂ ವಿದ್ಯೆ ನಶಿಸಲು ಒಂದು ಕಾರಣವಾಗಿರಬಹುದು ಎಂಬುದು ಅವರ ಅಭಿಪ್ರಾಯ. ಪೆಂಡ್ರೆ 2017ರಲ್ಲಿ ತೀರಿಕೊಂಡರು. ನಮ್ಮಲ್ಲೂ ಬೆಂಗಳೂರಿನ ವಿಜ್ಞಾನಿಗಳಾದ ಶಾರದಾ ಶ್ರೀನಿವಾಸನ್ ಮತ್ತು ಶ್ರೀನಿವಾಸ ರಂಗನಾಥನ್ ಈ ಉಕ್ಕಿನ ಬಗ್ಗೆ ಆಳವಾಗಿ ಅಧ್ಯಯನ ಮಾಡಿ 2004ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ.

ಮಿತ್ರರೇ, ಹಳೆಯದರ ಹಿರಿಮೆ ಹೇಳಿಕೊಂಡು ಸುಮ್ಮನಾಗಲು ಇದನ್ನೆಲ್ಲ ವಿವರಿಸಲಿಲ್ಲ. ಪೆಂಡ್ರೆಯವರ ಸುತ್ತಿಗೆ ಇಲ್ಲದಿದ್ದರೆ ವರ್ಹೂವನ್ ಅವರ ಸೂಕ್ಷ್ಮದರ್ಶಕಕ್ಕೆ ನೋಡಲು ಏನೂ ಇರುತ್ತಿರಲಿಲ್ಲ. ಸೂಕ್ಷ್ಮದರ್ಶಕ ಇಲ್ಲದಿದ್ದರೆ ಒಂದು ಗಟ್ಟಿ ಏಕೆ ಒಪ್ಪಿತು, ಇನ್ನೊಂದು ಏಕೆ ಕೈಕೊಟ್ಟಿತು ಎಂದು ಸುತ್ತಿಗೆಗೆ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಈ ಎರಡೂ ಬೇರೆ ಬೇರೆ ಬೀದಿಗಳಲ್ಲಿ ಉಳಿದುಬಿಟ್ಟಿವೆ. ಕುಲುಮೆ ಊರ ಒಂದು ಅಂಚಿಗೆ, ಶಾಲೆ ಇನ್ನೊಂದು ಅಂಚಿಗೆ. ಹಿಂದೆ ಊರಿನ ಆಯಗಾರರಲ್ಲಿ ಕಮ್ಮಾರನೂ ಒಬ್ಬ. ಸುಗ್ಗಿಯಲ್ಲಿ ರೈತರು ಅವನಿಗೆ ಕಾಳು ಅಳೆದುಕೊಡುತ್ತಿದ್ದರು. ಇಂದು ಉಳಿದಿರುವ ಕಮ್ಮಾರರಲ್ಲಿ ಅನೇಕರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು, ಕುಡುಗೋಲು ಮಾಡುತ್ತಾರೆ. ಅಟ್ಲಾಂಟಾದ ಮೇಜುಗಳ ಮೇಲೆ ‘5160’ ಎಂಬ ಹೆಸರಿನಲ್ಲಿ ಮಾರಾಟವಾಗುವುದೂ ಸ್ಪ್ರಿಂಗ್ ಪಟ್ಟಿಗೆ ಬಳಸುವ ಉಕ್ಕೇ. ಅದರಲ್ಲಿ ನೂರಕ್ಕೆ 0.6ರಷ್ಟು ಇಂಗಾಲ, ಜೊತೆಗೆ ಸ್ವಲ್ಪ ಕ್ರೋಮಿಯಂ ಇರುತ್ತದೆ. ಮುರುಕು ಲಾರಿಯ ಯಾವ ಭಾಗ ಒಳ್ಳೆಯ ಅಲಗಾದೀತು ಎಂಬುದನ್ನು ನಮ್ಮ ಆಚಾರರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದಾರೆ.

ಹಾಗಾದರೆ ನೀವೇನು ಮಾಡಬಹುದು? ಒಂದು ಸಣ್ಣ ಪ್ರಯೋಗವನ್ನು ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲೇ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಿ. ಮೂರು ಹೊಲಿಗೆ ಸೂಜಿ ತೆಗೆದುಕೊಳ್ಳಿ. ಮೂರನ್ನೂ ಇಕ್ಕಳದಲ್ಲಿ ಹಿಡಿದು ಬುನ್ಸೆನ್ ದೀಪದಲ್ಲಿ ಒಂದೊಂದಾಗಿ ಕೆಂಪಗೆ ಕಾಯಿಸಿ. ಮೊದಲನೆಯದನ್ನು ಮೆಲ್ಲನೆ ಆರಲು ಬಿಡಿ. ಎರಡನೆಯದನ್ನು ಕೆಂಪಗಿರುವಾಗಲೇ ತಣ್ಣೀರಿಗೆ ಅದ್ದಿ. ಮೂರನೆಯದನ್ನೂ ಹಾಗೆಯೇ ಅದ್ದಿ, ಉಜ್ಜಿ ಹೊಳಪು ತಂದು, ಮತ್ತೆ ಹದವಾಗಿ ಕಾಯಿಸಿ. ಮೇಲ್ಮೈ ಹೊಂಬಣ್ಣದಿಂದ ನೀಲಿಗೆ ತಿರುಗುತ್ತಿದ್ದಂತೆ ನಿಲ್ಲಿಸಿ. ಈಗ ಮೂರನ್ನೂ ಇಕ್ಕಳದಿಂದ ಬಗ್ಗಿಸಿ ನೋಡಿ. ಮೊದಲನೆಯದು ತಂತಿಯಂತೆ ಬಗ್ಗಿ ಹಾಗೆಯೇ ನಿಲ್ಲುತ್ತದೆ. ಎರಡನೆಯದು ಪಟ್ಟೆಂದು ಮುರಿಯುತ್ತದೆ. ಮೂರನೆಯದು ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಉಕ್ಕು ಒಂದೇ, ಹದ ಮೂರು.

ಇದಾದ ಮೇಲೆ ಒಂದು ಬಿಡುವಿನ ದಿನ ನಿಮ್ಮ ಊರಿನ ಅಥವಾ ಹತ್ತಿರದ ಪೇಟೆಯ ಕುಲುಮೆಗೆ ಹೋಗಿ. “ಆಚಾರ್ರೇ, ಯಾವ ಬಣ್ಣ ಬಂದಾಗ ನೀರಿಗೆ ಅದ್ದುತ್ತೀರಿ? ನೀರಿಗೋ ಎಣ್ಣೆಗೋ? ಯಾವ ಕಬ್ಬಿಣಕ್ಕೆ ಎಷ್ಟು ಹೊತ್ತು?” ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಕೆಲಸದ ಹೆಸರುಗಳು ಊರಿನಿಂದ ಊರಿಗೆ ಬದಲಾಗುತ್ತವೆ, ಅವೆಲ್ಲ ಯಾವ ನಿಘಂಟಿನಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಬರೆದದ್ದನ್ನು ನಿಮ್ಮ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿ. ಅವರು ಹೇಳಿದ ಕಾರಣವನ್ನು ಮತ್ತೆ ಆಚಾರರಿಗೆ ಹೋಗಿ ಹೇಳಿ.

ಒಂದು ಎಚ್ಚರಿಕೆಯ ಮಾತೂ ಇರಲಿ. ಕುಲುಮೆಯನ್ನಾಗಲಿ ಸಾಣೆಯ ಯಂತ್ರವನ್ನಾಗಲಿ ಒಬ್ಬರೇ ಮುಟ್ಟಬೇಡಿ. ಕತ್ತಿ, ಕಠಾರಿಗಳ ವಿಷಯದಲ್ಲಿ, ಮನೆಗೆಲಸ ಮತ್ತು ಬೇಸಾಯಕ್ಕಲ್ಲದ ಉದ್ದನೆಯ ಅಲಗುಗಳ ವಿಷಯದಲ್ಲಿ, ನಮ್ಮ ದೇಶದಲ್ಲಿ 1959ರ ಆಯುಧಗಳ ಕಾಯಿದೆ ಇದೆ ಎಂಬುದು ನೆನಪಿರಲಿ. ಚಾಕುವನ್ನು ಶಾಲೆಗೆ ಒಯ್ಯುವುದು, ಗೆಳೆಯರೆದುರು ಝಳಪಿಸುವುದು ಇವು ಈ ವಿದ್ಯೆಗೆ ಅವಮಾನ. ನಾನು ಅಟ್ಲಾಂಟಾದಲ್ಲಿ ಕಂಡ ಅಷ್ಟೂ ಜನರಲ್ಲಿ ಒಬ್ಬರೂ ಹಾಗೆ ಮಾಡಿದ್ದನ್ನು ಕಾಣಲಿಲ್ಲ.

ನಮ್ಮ ಬಸ್ ಚಾಲಕ ಸ್ನೇಹಿತರು ಮತ್ತೆ ಐದು ಚಾಕುಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಇಳಿದಿದ್ದಾರೆ. ನಿವೃತ್ತ ಶಿಕ್ಷಕಿ ಅವರಿಗೆ ಹದದ ಉಷ್ಣತೆಗಳ ಪಟ್ಟಿ ಬರೆದುಕೊಟ್ಟಿದ್ದಾರೆ. ಅವರು ಶಿಕ್ಷಕಿಗೆ ಸುತ್ತಿಗೆ ಹಿಡಿಯುವ ರೀತಿ ಹೇಳಿಕೊಡುತ್ತಿದ್ದಾರೆ. ಅಂಥ ಒಂದು ಶನಿವಾರ ನಿಮ್ಮ ಊರಿನ ಕುಲುಮೆಯಲ್ಲೂ ನಡೆಯಲಿ ಎಂದು ಹಾರೈಸುತ್ತೇನೆ.